ಮ್ಯಾಕ್‌ಬೆತ್ ಓದುವಾಗ ಗಂಡ ಹೆಂಡತಿಯನ್ನು ಜೊತೆಗಿಟ್ಟು ನೋಡಿ

ಪರೀಕ್ಷೆಗೆ ಶೇಕ್ಸ್‌ಪಿಯರ್‌ನ ನಾಟಕ ಮ್ಯಾಕ್‌ಬೆತ್ ಓದುತ್ತಿರುವವರಿಗೆ ಒಂದು ಸಲಹೆ. ನಾಯಕ ಮ್ಯಾಕ್‌ಬೆತ್ ಅತಿಯಾಸೆಯಿಂದ ಹಾಳಾದ ಅಂತ ಬರೆದು ಸುಮ್ನೆ ನಿಲ್ಲಿಸಬೇಡಿ. ಯಾರು ಯಾರಿಂದ ಏನು ಮುಚ್ಚಿಡುತ್ತಾರೆ ಎಂದು ಪ್ರತಿ ಅಂಕದಲ್ಲೂ ಗುರುತು ಹಾಕಿಕೊಳ್ಳಿ. ಮೊದಲ ಅಂಕದಲ್ಲಿ ಹಿಂಜರಿಯುವ ಗಂಡನನ್ನು ದೊರೆ ಡಂಕನ್‌ನ ಕೊಲೆಗೆ ಒಪ್ಪಿಸುವವಳೇ ಹೆಂಡತಿ. ಮೂರನೇ ಅಂಕದಲ್ಲಿ ಗೆಳೆಯ ಬ್ಯಾಂಕೋನನ್ನು ಕೊಲ್ಲಿಸುವ ಏರ್ಪಾಡನ್ನು ಅವನು ಅವಳಿಗೂ ಹೇಳುವುದಿಲ್ಲ. ಅವಳು ಕೇಳಿದರೂ ಹೇಳುವುದಿಲ್ಲ! ನನಗೆ ಆ ಕೊಲೆಗಿಂತ ಈ ಮುಚ್ಚುಮರೆಯೇ ಜಾಸ್ತಿ ಭಯ ಹುಟ್ಟಿಸುತ್ತದೆ.

ಆಮೇಲೆ ನೀರಿನ ಮಾತು ಹುಡುಕಿ. ಎರಡನೇ ಅಂಕದಲ್ಲಿ ಕೈಗೆ ಹತ್ತಿದ ಡಂಕನ್‌ನ ರಕ್ತಕ್ಕೆ ಸ್ವಲ್ಪ ನೀರು ಸಾಕು, ಎಲ್ಲ ತೊಳೆದುಹೋಗುತ್ತದೆ ಎನ್ನುವ ಹೆಂಡತಿ ಐದನೇ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತಾ ಕೈ ಉಜ್ಜುತ್ತಲೇ ಇರುತ್ತಾಳೆ. ಅಲ್ಲಿ ಅವಳ ಮಾತು ಪದ್ಯದಲ್ಲಿಲ್ಲ, ಗದ್ಯದಲ್ಲಿದೆ. ಇದನ್ನು ಉತ್ತರದಲ್ಲಿ ಖಂಡಿತ ಬರೆಯಿರಿ.