ಬರೆಸುವ ಮೊದಲು ಓದಿಸುವುದು: ಸಿ ಲ್ಯಾಬಿನಲ್ಲಿ ನನ್ನ ಕ್ರಮ

ಮೊದಲ ವರ್ಷದವರಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕಲಿಸುವ ಲ್ಯಾಬಿನಲ್ಲಿ ಮೊದಲ 15 ನಿಮಿಷ ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ. ಎಲ್ಲರ ಕೈಗೂ ಅರ್ಧ ಹಾಳೆ: ಮೇಲೆ ಆರೇಳು ಸಾಲಿನ ಕೋಡ್, ಕೆಳಗೆ ಖಾಲಿ ಕೋಷ್ಟಕ. ಕೋಷ್ಟಕದಲ್ಲಿ ಸಾಲಿನ ಸಂಖ್ಯೆಗೆ ಒಂದು ಕಾಲಂ, ಬೆಲೆ ಹಿಡಿದಿಡುವ ಪ್ರತಿ ವೇರಿಯಬಲ್‌ಗೆ ಒಂದೊಂದು, ಷರತ್ತು ನಿಜವೋ ಸುಳ್ಳೋ ಎಂಬುದಕ್ಕೊಂದು, ಔಟ್‌ಪುಟ್‌ಗೊಂದು. ನಡೆದ ಪ್ರತಿ ಸಾಲಿಗೂ ಒಂದು ಅಡ್ಡಸಾಲು ತುಂಬಬೇಕು. ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ರಬ್ಬರ್ ಮುಟ್ಟಬಾರದು. ಎಲ್ಲಿ ಎಡವಿದರು ಎಂಬುದು ನನಗೆ ಕಾಣುವುದು ಆ ಗೆರೆ ಹೊಡೆದ ಜಾಗದಲ್ಲೇ.

ಇದಕ್ಕೆ ಹಿನ್ನೆಲೆಯಾದ ಎರಡು ಅಧ್ಯಯನಗಳಿವೆ. 2001ರಲ್ಲಿ ಸಂಶೋಧಕ ಮೆಕ್‌ಕ್ರ್ಯಾಕನ್ ತಂಡ ಹಲವು ದೇಶಗಳ ವಿದ್ಯಾರ್ಥಿಗಳಿಂದ ಪ್ರೋಗ್ರಾಂ ಬರೆಸಿದಾಗ ಬಂದ ಸರಾಸರಿ 110ಕ್ಕೆ 23ರ ಆಸುಪಾಸು. ವಿದ್ಯಾರ್ಥಿಗಳಿಗೆ ಸಮಸ್ಯೆ ಬಿಡಿಸಲು ಬಾರದು ಎಂದೇ ಆಗ ಹಲವರು ಅರ್ಥ ಮಾಡಿಕೊಂಡರು. 2004ರಲ್ಲಿ ರೇಮಂಡ್ ಲಿಸ್ಟರ್ ತಂಡ ಏಳು ದೇಶಗಳಲ್ಲಿ 12 ಬಹುಆಯ್ಕೆ ಪ್ರಶ್ನೆ ಕೊಟ್ಟು ನೋಡಿತು. ಹೊಸದೇನನ್ನೂ ಬರೆಯಬೇಕಿರಲಿಲ್ಲ, ಕೊಟ್ಟ ಕೋಡನ್ನು ಓದಿದರೆ ಸಾಕಿತ್ತು. ಅಲ್ಲೂ ಬಹಳ ಮಂದಿ ತಡವರಿಸಿದರು. ಓದಲು ಬಾರದವರಿಂದ ಬರೆಸಿದರೆ ಸೀನಿಯರ್‌ಗಳ ರೆಕಾರ್ಡ್ ಪುಸ್ತಕವಷ್ಟೇ ಕೈಬದಲಾಗುತ್ತದೆ.

ಮೊದಲ ವಾರದ ಹಾಳೆ ಇದು: ಎ = 5; ಬಿ = 7; ಎ = ಬಿ; ಬಿ = ಎ; ಕೊನೆಗೆ ಎರಡನ್ನೂ ಪ್ರಿಂಟ್ ಮಾಡು. ಉತ್ತರ 7 7. ‘7 5’ ಎಂದು ಬರೆದವರು ಎರಡು ಸಾಲೂ ಒಟ್ಟಿಗೇ ನಡೆಯುತ್ತವೆ ಎಂದುಕೊಂಡವರು. ಇಲ್ಲಿ ನಾವು ಹೇಳಿಕೊಡುವ ಹೋಲಿಕೆಯೂ ಕೈಕೊಡುತ್ತದೆ. ವೇರಿಯಬಲ್ ಎಂದರೆ ಡಬ್ಬಿ ಎನ್ನುವುದು ರೂಢಿ. ಆದರೆ ಡಬ್ಬಿಯಲ್ಲಿ ಸಕ್ಕರೆ ಇದ್ದರೂ ಮೇಲೆ ಇನ್ನಷ್ಟು ಸುರಿಯಬಹುದಲ್ಲ, ಹಾಗಾಗಿ ಕೆಲವರು ಹಳೆ ಬೆಲೆಯನ್ನೂ ಉಳಿಸಿಕೊಳ್ಳುತ್ತಾರೆ. ಬಿ-ಯಲ್ಲಿದ್ದದ್ದು ಎ-ಗೆ ಹೋದಮೇಲೆ ಬಿ ಖಾಲಿ ಎನ್ನುವವರೂ ಉಂಟು. ನಾನು ಸ್ಲೇಟು ಎನ್ನುತ್ತೇನೆ: ಪಕ್ಕದವನ ಸ್ಲೇಟು ನೋಡು, ನಿನ್ನದನ್ನು ಒರೆಸು, ಬರೆದುಕೋ. ಪಕ್ಕದವನದು ಹಾಗೇ ಇರುತ್ತದೆ. ‘=’ ಚಿಹ್ನೆಯನ್ನು ‘ಸಮ’ ಎಂದು ಓದಲು ಬಿಡುವುದಿಲ್ಲ; ‘ಬಿ ನೋಡಿ ಎ-ಯಲ್ಲಿ ಬರೆ’ ಎಂದೇ ಓದಬೇಕು.

ವೈಲ್ ಲೂಪಿನಲ್ಲಿ (ಷರತ್ತು ನಿಜವಿದ್ದರೆ ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ರಚನೆ) ತೊಡಕು ಕನ್ನಡದಿಂದಲೇ ಬರುತ್ತದೆ. ‘ಐ 4ಕ್ಕಿಂತ ಕಡಿಮೆ ಇರೋ ತನಕ’ ಎಂದು ವಿವರಿಸಿದರೆ, ಕಂಪ್ಯೂಟರು ಷರತ್ತನ್ನು ಸದಾ ಕಾಯುತ್ತಿರುತ್ತದೆ, ಸುಳ್ಳಾದ ಗಳಿಗೆಯಲ್ಲೇ ಹೊರಬೀಳುತ್ತದೆ ಎಂದೇ ಕಿವಿಗೆ ಕೇಳುತ್ತದೆ. ಇಂಗ್ಲಿಷಿನ ‘ವೈಲ್’ ಕೂಡ ಇದೇ ಗೊಂದಲ ಹುಟ್ಟಿಸುತ್ತದೆ. ಇದನ್ನು ಹಿಡಿಯುವ ಹಾಳೆ: ಐ = 1; ವೈಲ್ (ಐ < 4) ಒಳಗೆ ಮೊದಲು ಐ = ಐ + 2, ಆಮೇಲೆ ಐ ಪ್ರಿಂಟ್. ಸರಿಯುತ್ತರ 3 5. ಬರೀ 3 ಬರೆದವರು ಐ 5 ಆದ ತಕ್ಷಣ ಲೂಪ್ ಬಿಟ್ಟವರು. ಲೂಪಿನೊಳಗೆ ಪ್ರಿಂಟನ್ನು ಮೊದಲಿಟ್ಟರೆ ಎರಡು ಬಗೆಯವರಿಗೂ 1 3 ಎಂಬ ಒಂದೇ ಉತ್ತರ ಬಂದು ತಪ್ಪು ಅಡಗಿಬಿಡುತ್ತದೆ. ಹಾಳೆ ತಯಾರಿಸುವಾಗ ನಿಜವಾದ ಕೆಲಸ ಇಂಥ ಕೋಡ್ ಆರಿಸುವುದೇ. ಬಾಯಲ್ಲಿ ಹೇಳುವಾಗ: ‘ಈಗ ನೋಡು, ಕಡಿಮೆಯೇ? ಹೌದಾದರೆ ಬ್ರಾಕೆಟ್ ಮುಗಿಯೋವರೆಗೂ ಮಾಡಿ ವಾಪಸ್ ಬಾ, ಆಗ ಮತ್ತೆ ನೋಡು.’

ನಾಲ್ಕನೇ ವಾರದಿಂದ ಚೀಟಿಗಳು. 2006ರಲ್ಲಿ ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್, ಪೆಟ್ರೀಷಿಯಾ ಹೇಡನ್ ಪರಿಚಯಿಸಿದ ಉಪಾಯ: ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಕಲಸಿ ಕೊಟ್ಟು ಜೋಡಿಸಲು ಹೇಳುವುದು. 18 ಪಾಯಿಂಟಿನಲ್ಲಿ ಮುದ್ರಿಸಿ, ಸಾಲುಸಾಲಾಗಿ ಕತ್ತರಿಸಿ, ಇಬ್ಬರಿಗೊಂದು ಲಕೋಟೆ. ಎಂಟು ಹತ್ತು ಚೀಟಿ, ಜೊತೆಗೆ ಸರಿಯೆಂದು ತೋರುವ, ಆದರೆ ತಪ್ಪಾದ ಸಾಲಿರುವ ಎರಡು ಸುಳ್ಳು ಚೀಟಿ. ಅದಕ್ಕಿಂತ ಹೆಚ್ಚಾದರೆ ಯೋಚನೆ ಪ್ರೋಗ್ರಾಂ ಬಿಟ್ಟು ಚೀಟಿ ಹುಡುಕುವುದರಲ್ಲೇ ಕಳೆಯುತ್ತದೆ. ಅರೇಯಲ್ಲಿ (ಒಂದೇ ಹೆಸರಿನಡಿ ಸಾಲಾಗಿಟ್ಟ ಸಂಖ್ಯೆಗಳು) ಅತಿ ದೊಡ್ಡ ಸಂಖ್ಯೆ ಹುಡುಕುವ ಲೆಕ್ಕಕ್ಕೆ ‘ದೊಡ್ಡದು = 0’ ಒಳ್ಳೆಯ ಸುಳ್ಳು ಚೀಟಿ; ಎಲ್ಲ ಸಂಖ್ಯೆಯೂ ಋಣಾತ್ಮಕವಾದಾಗಲೇ ಅದರ ಬಣ್ಣ ಬಯಲಾಗುವುದು. ಸರಿಯಾದ ಚೀಟಿ ‘ದೊಡ್ಡದು = ಅಂಕಿ[0]’, ಅಂದರೆ ಅರೇಯ ಮೊದಲ ಸಂಖ್ಯೆ.

ಮೊದಮೊದಲು ಚೀಟಿ ಕೆಡುವುದು ಮೌಲ್ಯಮಾಪನದಲ್ಲಿ. ಮೊತ್ತಕ್ಕೂ ಎಣಿಕೆಗೂ 0 ಕೊಡುವ ಎರಡು ಸಾಲು ಯಾವುದು ಮೊದಲು ಬಂದರೂ ಸರಿಯೇ, ಆದರೆ ಉತ್ತರಪಟ್ಟಿ ಒಂದನ್ನೇ ಒಪ್ಪುತ್ತದೆ. ಅಂಥ ಸಾಲುಗಳನ್ನು ಒಂದೇ ಚೀಟಿಯಲ್ಲಿ ಮುದ್ರಿಸಿದರೆ ತಕರಾರಿಲ್ಲ. ತೆರೆಯುವ ಬ್ರಾಕೆಟ್ ಲೂಪಿನ ಸಾಲಿನ ಚೀಟಿಯಲ್ಲೇ ಇರಲಿ, ಮುಚ್ಚುವುದು ಮಾತ್ರ ಬೇರೆ ಚೀಟಿ. ಪ್ರಿಂಟ್ ಸಾಲು ಲೂಪಿನ ಒಳಗೋ ಹೊರಗೋ ಎಂಬ ಅನುಮಾನ ಇದ್ದರೆ ಅಲ್ಲೇ ಹೊರಬರುತ್ತದೆ.

ಕಾಗದದ ಮೇಲೆ ಸಿಗದ ತಪ್ಪುಗಳೂ ಇವೆ: ಇನ್‌ಪುಟ್ ಪಡೆಯುವ ಸ್ಕ್ಯಾನ್‌ಎಫ್‌ನಲ್ಲಿ ಬಿಟ್ಟುಹೋದ ‘&’, ಇಫ್ ಷರತ್ತಿನೊಳಗೆ ‘ಸಮವೇ?’ ಎಂದು ಕೇಳುವ ‘==’ ಬದಲು ‘=’. ಇವಕ್ಕೆ ಉಪನ್ಯಾಸ ದಂಡ. ಸಿ ಕಂಪೈಲರ್ ಆದ ಜಿಸಿಸಿಯಲ್ಲಿ ಎಚ್ಚರಿಕೆಗಳನ್ನು ತೋರಿಸುವ ‘ವಾಲ್’ (-Wall) ಆಯ್ಕೆಯನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಿ, ಬರುವ ಎಚ್ಚರಿಕೆಗಳನ್ನು ಗಟ್ಟಿಯಾಗಿ ಓದಿಸಿದರೆ ಎರಡೂ ಸಿಕ್ಕಿಬೀಳುತ್ತವೆ.