ತೊಲೆಯ ಘನ ಅಡಿ, ಗೋಡೆಯ ಚದರ ಅಡಿ

ಬಾಗಲಕೋಟೆಯ ನವನಗರದಲ್ಲಿ ಬಡಿಗತನ ಮಾಡುವ ನನಗೆ ಹೊಸ ಮರಕ್ಕಿಂತ ಹಳೇ ತೊಲೆಯ ಕೆಲಸವೇ ಜಾಸ್ತಿ. ಆಲಮಟ್ಟಿ ಹಿನ್ನೀರು ಬಂತು ಅಂತ ಹಳೇ ಊರಿನ ಮನೆ ಬಿಟ್ಟು ಬಂದವರಲ್ಲಿ ಎಷ್ಟೋ ಜನ ಮಾಳಿಗೆ ಬಿಚ್ಚಿ ತೊಲೆ, ಕಂಬ, ಜಂತಿ ಎಲ್ಲ ಜೊತೆಗೇ ತಂದರು. ಸಾಗವಾನಿಯನ್ನು ಯಾರು ಬಿಟ್ಟು ಬರ್ತಾರೆ? ಹಿತ್ತಲಲ್ಲಿ ತಗಡಿನ ಕೆಳಗೆ ಕೂತಿದ್ದ ಆ ತೊಲೆಗಳು ಈಗ ಪಡಸಾಲೆಯ ಗೋಡೆಗೆ ಪ್ಯಾನೆಲ್ ಆಗುತ್ತಿವೆ.

ಮರ ಅಳೆಯುವುದು ಘನ ಅಡಿಯಲ್ಲಿ, ಗೋಡೆ ಅಳೆಯುವುದು ಚದರ ಅಡಿಯಲ್ಲಿ. ನಡುವೆ ಇರುವುದು ಹಲಗೆಯ ದಪ್ಪ. ಒಂದು ಘನ ಅಡಿ ಮರವನ್ನು ಒಂದು ಇಂಚು ದಪ್ಪಕ್ಕೆ ಸೀಳಿದರೆ 12 ಚದರ ಅಡಿ, ಮುಕ್ಕಾಲು ಇಂಚಿಗೆ 16, ಅರ್ಧ ಇಂಚಿಗೆ 24. ಮಿಲಿಮೀಟರ್ ಲೆಕ್ಕ ಬೇಕಾದರೆ ಒಂದು ಅಡಿಯ 305 ಮಿಲಿಮೀಟರನ್ನು ದಪ್ಪದಿಂದ ಭಾಗಿಸಿ. ಇದು ಕಾಗದದ ಲೆಕ್ಕ. ತಪ್ಪೇನಿಲ್ಲ, ಆದರೆ ಇದನ್ನೇ ನಂಬಿ ಮರ ಕೊಯ್ಸಿದರೆ ಗೋಡೆ ಅರ್ಧಕ್ಕೇ ನಿಲ್ಲುತ್ತದೆ.

ನಿವೃತ್ತ ಮಾಸ್ತರೊಬ್ಬರ ಮನೆಯ ಕೆಲಸವನ್ನೇ ತಗೊಳ್ಳಿ. ಗೋಡೆ 14 ಅಡಿ ಅಗಲ, 9 ಅಡಿ ಎತ್ತರ. ನಡುವೆ 4 ಅಡಿಗೆ 4 ಅಡಿಯ ಕಿಟಕಿ. ಅದನ್ನು ಕಳೆದರೆ 110 ಚದರ ಅಡಿ. ಅವರ ಹತ್ತಿರ ಎಂಟು ತೊಲೆ ಇದ್ದವು. ಒಂದೊಂದೂ 10 ಅಡಿ ಉದ್ದ, 6 ಇಂಚು ಚೌಕ, ಅಂದರೆ ಎರಡೂವರೆ ಘನ ಅಡಿ. ಮಾಸ್ತರು ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು.

“ನಾಕ್ ತೊಲಿ ಅಂದ್ರ ಹತ್ತು ಘನ ಅಡಿ. ಮುಕ್ಕಾಲು ಇಂಚಿಗೆ ನೂರಾ ಅರವತ್ತು ಚದರ ಅಡಿ ಬರ್ತದ. ಗೋಡಿ ತುಂಬಿ ಉಳೀತದ, ಅಲ್ರೀ ಮಿಸ್ತ್ರಿ? ಉಳಿದ ನಾಕು ತೂಗುಮಂಚಕ್ಕ ಇರ್ಲಿ.”

“ಲೆಕ್ಕ ಸರಿ ಐತ್ರಿ ಸರ್ರ. ತೊಲಿ ಅಷ್ಟ್ ಸರಿ ಇಲ್ರಿ,” ಅಂದೆ.

ಹಳೇ ತೊಲೆಯನ್ನು ಹತ್ತಿರದಿಂದ ನೋಡಬೇಕು. ನೂರು ಕಡೆ ಮೊಳೆ ಹೊಡೆದಿರುತ್ತಾರೆ, ತೊಟ್ಟಿಲು ಕಟ್ಟಲು, ಲಾಂದ್ರ ತೂಗಲು. ಕಬ್ಬಿಣ ಕೂತ ಕಡೆ ಮರ ಕಪ್ಪಾಗಿರುತ್ತದೆ, ಆ ಕಲೆ ಒಳಕ್ಕೂ ಇಳಿದಿರುತ್ತದೆ. ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ ಕೀಳುತ್ತೇನೆ. ಒಂದು ಉಳಿದರೂ ಸಾಮಿಲ್‌ನವರು ಬ್ಲೇಡಿನ ದುಡ್ಡು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಆಮೇಲೆ ನಾಲ್ಕೂ ಮುಖದಿಂದ ಕಾಲು ಕಾಲು ಇಂಚು ತೆಗೆಸುತ್ತೇನೆ. ಆರು ಇಂಚಿನ ಚೌಕ ಐದೂವರೆ ಆಯಿತು, ಅಂದರೆ 140 ಮಿಲಿಮೀಟರ್. ಗೋಡೆಯೊಳಗೆ ಕೂತಿದ್ದ ಎರಡೂ ತುದಿಗಳಲ್ಲಿ ಬಿರುಕು ಇದ್ದೇ ಇರುತ್ತದೆ. ಅದನ್ನು ಕತ್ತರಿಸಿದರೆ ಉದ್ದ 9 ಅಡಿ.

ನನಗೆ ಬೇಕಿದ್ದದ್ದು ರಂದಾ ಹೊಡೆದು ನುಣುಪು ಮಾಡಿದ ಮೇಲೆ 16 ಮಿಲಿಮೀಟರ್ ಉಳಿಯುವ ಹಲಗೆ. ಹಾಗಾದರೆ ಸೀಳುವಾಗ 20 ಇರಬೇಕು. ಒಂದೊಂದು ಸೀಳಿಗೂ ಬ್ಲೇಡು 3 ತಿಂದು ಹೊಟ್ಟು ಮಾಡುತ್ತದೆ. ಹಾಗಾಗಿ ಭಾಗಿಸಬೇಕಾದದ್ದು 16ರಿಂದ ಅಲ್ಲ, 20ರಿಂದಲೂ ಅಲ್ಲ, 23ರಿಂದ. 140ರಲ್ಲಿ ಆರು ಹಲಗೆ ಬರುತ್ತವೆ, ಏಳನೆಯದು ಬರುವುದಿಲ್ಲ.

ಇನ್ನು ಅಗಲ. ಅಂಚು ನೆಟ್ಟಗೆ ಮಾಡಿದ ಮೇಲೆ 134 ಉಳಿಯಿತು. ಟಂಗ್ ಆಂಡ್ ಗ್ರೂವ್ ಹೊಡೆದಾಗ ಒಂದು ಹಲಗೆಯ ಅಂಚು ಪಕ್ಕದ್ದರ ಒಳಗೆ 10 ಮಿಲಿಮೀಟರ್ ಹೋಗಿ ಕೂರುತ್ತದೆ. ಗೋಡೆಗೆ ಕಾಣುವುದು 124 ಮಾತ್ರ. ಬಹಳ ಜನ ಇದನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ. 124 ಮಿಲಿಮೀಟರ್ ಅಗಲ, 9 ಅಡಿ ಉದ್ದ ಅಂದರೆ ಹಲಗೆಗೆ 3.66 ಚದರ ಅಡಿ, ತೊಲೆಗೆ ಸುಮಾರು 22. ನಾಲ್ಕು ತೊಲೆಗೆ 88. ಮಾಸ್ತರ 160 ಎಲ್ಲಿ, ಈ 88 ಎಲ್ಲಿ!

ಐದು ತೊಲೆಗೆ 110 ಆಗುತ್ತದಲ್ವಾ, ಗೋಡೆಯೂ 110 ಅಲ್ವಾ ಅಂದರು ಅವರು. ಇಂಥ ಕಡೆ ನಾನು ಚದರ ಅಡಿ ಬಿಟ್ಟು ಹಲಗೆ ಎಣಿಸುತ್ತೇನೆ. ಹಲಗೆಗಳನ್ನು ಉದ್ದಕ್ಕೆ ನಿಲ್ಲಿಸಿ ಕೂರಿಸಿದರೆ 14 ಅಡಿ ಅಗಲಕ್ಕೆ 35 ಸಾಲು. ಕಿಟಕಿ ಬರುವ ಹತ್ತು ಸಾಲು ಬಿಟ್ಟು 25 ಇಡೀ ಹಲಗೆ. ಕಿಟಕಿಯ ಕೆಳಗೆ ಮೂರಡಿಯ ಹತ್ತು ತುಂಡು, ಅದಕ್ಕೆ ನಾಲ್ಕು ಹಲಗೆ. ಮೇಲೆ ಎರಡಡಿಯ ಹತ್ತು ತುಂಡು, ಅದಕ್ಕೆ ಮೂರು. ಒಟ್ಟು 32. ಐದು ತೊಲೆಗೆ ಬರುವುದು 30. ಆರು ಕೊಯ್ಸಿದರೆ 36, ಗಂಟು ಉದುರಿದ್ದು, ಬಿರುಕು ಬಿಟ್ಟದ್ದು ತೆಗೆದು ಹಾಕಲು ನಾಲ್ಕು ಕೈಯಲ್ಲಿರುತ್ತವೆ. ಆರೇ ಕೊಯ್ಸಿದೆವು. ತೂಗುಮಂಚಕ್ಕೆ ಎರಡು ಉಳಿದವು.

ಹೊಸ ಮರ ಕೊಳ್ಳುವವರಿಗೆ ಒಂದೆರಡು ಮಾತು. ದುಂಡು ಮರವನ್ನು ಸುತ್ತಳತೆಯ ಕಾಲು ಭಾಗವನ್ನು ಚೌಕದ ಒಂದು ಬದಿ ಅಂತ ಹಿಡಿದು ಅಳೆಯುವ ರೂಢಿ ಇದೆ. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಆ ಲೆಕ್ಕದಲ್ಲಿ 10 ಘನ ಅಡಿ. ನಿಜವಾಗಿ ಅದರಲ್ಲಿ 12.7 ಇರುತ್ತದೆ. ಚೌಕ ಮಾಡುವಾಗ ಹೋಗುವ ಚಕ್ಕೆಯನ್ನು ಮೊದಲೇ ಬಿಟ್ಟ ಹಾಗೆ ಅದು. ಹಾಗಾಗಿ ಯಾವ ಅಳತೆಯ ಘನ ಅಡಿ ಅಂತ ಕೇಳದೆ ಎರಡು ಅಂಗಡಿಯ ದರ ಹೋಲಿಸಬೇಡಿ. ಮರದ ಅಳತೆಯನ್ನು ಘನ ಮೀಟರಿನಲ್ಲಿ ಹೇಳಿದರೆ, ಘನ ಅಡಿ ಮಾಡಲು 35.3ರಿಂದ ಗುಣಿಸಿ. ಬರೀ ತೆಳು ಹೊದಿಕೆ ಸಾಕು ಅನ್ನುವವರು ವೆನೀರ್, ಅಂದರೆ ಮರದ ತೆಳು ಪದರ, ಹಾಕಿದ ಪ್ಲೈವುಡ್ ತರಲಿ, 8ಕ್ಕೆ 4ರ ಶೀಟು 32 ಚದರ ಅಡಿ, ಲೆಕ್ಕ ಮುಗೀತು. ಅರ್ಧ ಮಿಲಿಮೀಟರಿನ ವೆನೀರ್ ಆದರೆ ಕಾಗದದ ಮೇಲೆ ಒಂದು ಘನ ಅಡಿಗೆ 600 ಚದರ ಅಡಿ ದಾಟುತ್ತದೆ! ಅದನ್ನು ಕತ್ತಿಯಲ್ಲಿ ಹೆರೆಯುತ್ತಾರೆ, ಹೊಟ್ಟು ಆಗುವುದಿಲ್ಲ. ಆದರೆ ಅಜ್ಜನ ಮನೆಯ ತೊಲೆಯನ್ನು ಯಾರೂ ಅದಕ್ಕೆ ಕೊಡುವುದಿಲ್ಲ ಬಿಡಿ.

ದುಡ್ಡಿನ ಲೆಕ್ಕವನ್ನೂ ಬೇರೆ ಬೇರೆ ಬರೆದುಕೊಳ್ಳಿ. ನಮ್ಮ ಸಾಮಿಲ್‌ನವರು ಕೊಯ್ದ ಕೂಲಿಯನ್ನು ಘನ ಅಡಿಗೆ ಹಿಡಿಯುತ್ತಾರೆ, ನಾನು ಕೂರಿಸಿದ ಕೂಲಿಯನ್ನು ಗೋಡೆಯ ಚದರ ಅಡಿಗೆ ಹಿಡಿಯುತ್ತೇನೆ. ಕಿಟಕಿಯ ಜಾಗ ಕಳೆಯುತ್ತೀರೋ ಇಲ್ಲವೋ ಅನ್ನುವುದನ್ನು ಕೆಲಸ ಶುರುವಾಗುವ ಮೊದಲೇ ಕೇಳಿ. ನಾನು ಕಳೆಯುತ್ತೇನೆ, ಆದರೆ ಕಿಟಕಿಯ ಸುತ್ತ ಬರುವ ಪಟ್ಟಿಗೆ ಅಡಿ ಲೆಕ್ಕದಲ್ಲಿ ಬೇರೆ ತಗೊಳ್ತೇನೆ.