ಉರ್‌ನ ಇಪ್ಪತ್ತು ಮನೆ ಆಟ: ಮೊದಲು ಆಡಿ, ಆಮೇಲೆ ನಿಯಮ ಬದಲಿಸಿ

ಒಂದು ರಟ್ಟು, ಎರಡು ಬಣ್ಣದಲ್ಲಿ ಏಳೇಳು ಗುಂಡಿ, ನಾಲ್ಕು ನಾಣ್ಯ, ಒಂದು ಪೆನ್ನು. ಇಷ್ಟಿದ್ದರೆ ಸುಮಾರು 4,500 ವರ್ಷ ಹಳೆಯ ಆಟವೊಂದನ್ನು ಇವತ್ತೇ ಆಡಬಹುದು. ಈಗಿನ ಇರಾಕಿನ ದಕ್ಷಿಣದಲ್ಲಿ ಉರ್ ಎಂಬ ಹಳೇ ಪಟ್ಟಣವಿದೆ. ಅಲ್ಲಿನ ರಾಜಸಮಾಧಿಗಳನ್ನು ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಅಗೆಸಿದಾಗ ಈ ಆಟದ ಹಲಗೆಗಳು ಸಿಕ್ಕವು. ಮರ ಕೊಳೆತು ಮಣ್ಣಾಗಿತ್ತು. ಆದರೆ ಅದರ ಮೇಲೆ ಕೂರಿಸಿದ್ದ ಚಿಪ್ಪು, ಕೆಂಪು ಸುಣ್ಣಕಲ್ಲು, ಲ್ಯಾಪಿಸ್ ಲಜುಲಿ ಎಂಬ ನೀಲಿ ಕಲ್ಲಿನ ಚೂರುಗಳು ಉಳಿದಿದ್ದವು, ಅವನ್ನಿಟ್ಟುಕೊಂಡೇ ಹಲಗೆಯನ್ನು ಮತ್ತೆ ಜೋಡಿಸಿದರು. ಅದರಲ್ಲೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಹಲಗೆ ಸಿಕ್ಕಿತು, ಕಾಯಿ ಸಿಕ್ಕವು, ದಾಳವೂ ಸಿಕ್ಕಿತು. ನಿಯಮ ಮಾತ್ರ ಸಿಗಲಿಲ್ಲ. ಆಡುವ ಕ್ರಮದ ಬಗ್ಗೆ ಒಂದು ಮಣ್ಣಿನ ಫಲಕ ಇದೆ, ನಿಜ. ಕ್ರಿ.ಪೂ. 177ರ ಸುಮಾರಿಗೆ ಬ್ಯಾಬಿಲೋನಿನಲ್ಲಿ ಇತ್ತಿ-ಮರ್ದುಕ್-ಬಲಾತು ಎಂಬ ಲಿಪಿಕಾರ ಬರೆದದ್ದು. ಬ್ರಿಟಿಷ್ ಮ್ಯೂಸಿಯಂನ ಇರ್ವಿಂಗ್ ಫಿಂಕೆಲ್ 1980ರ ದಶಕದಲ್ಲಿ ಅದನ್ನು ಓದಿ ಅರ್ಥ ಬಿಡಿಸಿದರು. ಆದರೆ ಉರ್‌ನ ಹಲಗೆಗೂ ಈ ಬರಹಕ್ಕೂ ನಡುವೆ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ ಇದೆ, ಅಷ್ಟು ಕಾಲದಲ್ಲಿ ಯಾವ ಆಟ ತಾನೇ ಹಾಗೇ ಉಳಿಯುತ್ತದೆ? ಹಾಗಾಗಿ ಇವತ್ತು ನಾವು ಆಡುವುದೆಲ್ಲ ಊಹೆಯಿಂದ ಕಟ್ಟಿದ ನಿಯಮಗಳು. ನಿಯಮ ಬದಲಿಸಿದರೆ ಮೋಸ ಅಂತ ಯಾರೂ ಹೇಳುವ ಹಾಗಿಲ್ಲ.

ಹಲಗೆ ಬರೆಯಿರಿ

ಮೂರು ಸಾಲು, ಸಾಲಿಗೆ ಎಂಟು ಮನೆ. ಮೇಲಿನ ಸಾಲಿನಲ್ಲಿ ಎಡಗಡೆಯಿಂದ 5ನೇ ಮತ್ತು 6ನೇ ಮನೆ ಅಳಿಸಿ. ಕೆಳಗಿನ ಸಾಲಿನಲ್ಲೂ ಅಷ್ಟೇ. ಉಳಿಯುವುದು 20 ಮನೆ: ಎಡಕ್ಕೆ ಹನ್ನೆರಡರ ದೊಡ್ಡ ಕಟ್ಟು, ಬಲಕ್ಕೆ ಆರರ ಸಣ್ಣ ಕಟ್ಟು, ನಡುವೆ ಎರಡು ಮನೆಯ ಸೇತುವೆ. ಈಗ ಐದು ಮನೆಗಳಲ್ಲಿ ಹೂವು ಬರೆಯಿರಿ. ಮೇಲಿನ ಮತ್ತು ಕೆಳಗಿನ ಸಾಲಿನ ಮೊದಲ ಮನೆ, ಅದೇ ಎರಡು ಸಾಲುಗಳ 7ನೇ ಜಾಗದ ಮನೆ, ನಡುಸಾಲಿನ 4ನೇ ಮನೆ. ಅಸಲಿ ಹಲಗೆಯಲ್ಲಿ ಉಳಿದ ಮನೆಗಳಿಗೂ ಕಣ್ಣು, ಚುಕ್ಕಿ ಅಂತ ಚಿತ್ತಾರ ಇದೆ, ಆಡುವುದಕ್ಕೆ ಅವು ಬೇಕಾಗಿಲ್ಲ.

ಒಂದೊಂದು ಮನೆ ಮೂರೂವರೆ ಸೆಂಟಿಮೀಟರ್ ಇದ್ದರೆ ಸಾಕು. ಹಳೆಯ ಹಲಗೆಯೂ ಸುಮಾರು 30 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲ. ಚೆಂದ ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅಸ್ಸೀರಿಯಾದ ದೊರೆ ಎರಡನೇ ಸಾರ್ಗೋನನ ಅರಮನೆ ಬಾಗಿಲಲ್ಲಿದ್ದ ರೆಕ್ಕೆಯ ಗೂಳಿಯ ಪೀಠದ ಮೇಲೂ ಯಾರೋ ಇದೇ ಆಟದ ಮನೆಗಳನ್ನು ಗೀಚಿದ್ದಾರೆ. ಕಾವಲು ನಿಂತವರಿಗೆ ಬೇಜಾರಾಗಿರಬೇಕು.

ದಾಳದ ಬದಲು ನಾಣ್ಯ

ಉರ್‌ನ ದಾಳ ನಾಲ್ಕು ಮೂಲೆಯ ಪುಟ್ಟ ಪಿರಮಿಡ್. ನಾಲ್ಕು ಮೂಲೆಯಲ್ಲಿ ಎರಡಕ್ಕೆ ಗುರುತು. ಎಸೆದಾಗ ಗುರುತಿನ ಮೂಲೆ ಮೇಲೆ ಬಂದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅಂದರೆ ಅರ್ಧಕ್ಕರ್ಧ. ಈ ಕೆಲಸವನ್ನು ನಾಣ್ಯ ಚೆನ್ನಾಗಿಯೇ ಮಾಡುತ್ತದೆ. ನಾಲ್ಕು ನಾಣ್ಯ ಎಸೆಯಿರಿ, ಎಷ್ಟು ಹೆಡ್ ಬಿತ್ತೋ ಅಷ್ಟು ಗರ.

ಗರ ಬೀಳುವ ಲೆಕ್ಕ ನೆನಪಿರಲಿ, ಆಟದ ಅರ್ಧ ಬುದ್ಧಿ ಇಲ್ಲೇ ಇದೆ. ಸರಾಸರಿಯಾಗಿ 16 ಎಸೆತಕ್ಕೆ 2 ಬೀಳುವುದು ಆರು ಸಲ, 1 ಮತ್ತು 3 ನಾಲ್ಕು ನಾಲ್ಕು ಸಲ, 4 ಒಂದೇ ಸಲ, ಸೊನ್ನೆಯೂ ಒಂದೇ ಸಲ. ಹಾಗಾಗಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ, ನಾಲ್ಕು ಮನೆ ಮುಂದೆ ನಿಂತರೆ ಹೆಚ್ಚು ಕಡಿಮೆ ನೆಮ್ಮದಿ. ಸೊನ್ನೆ ಬಿದ್ದರೆ ಸರದಿ ಹೋಯಿತು.

ಮೊದಲ ಆಟ

ಬೇರೆ ಬೇರೆ ಕಡೆ ಚೂರುಪಾರು ವ್ಯತ್ಯಾಸ ಇದ್ದರೂ ಈಗ ಹೆಚ್ಚಿನವರು ಆಡುವುದು ಹೀಗೆ. ಇದನ್ನೇ ನಮ್ಮ ಮೂಲ ನಿಯಮ ಅಂತ ಇಟ್ಟುಕೊಳ್ಳೋಣ.

ಮೇಲಿನ ಸಾಲು ಒಬ್ಬರದು, ಕೆಳಗಿನದು ಇನ್ನೊಬ್ಬರದು, ನಡುಸಾಲು ಇಬ್ಬರಿಗೂ ಸೇರಿದ್ದು. ಕಾಯಿಗಳೆಲ್ಲ ಮೊದಲು ಹಲಗೆಯ ಹೊರಗೆ. ನಿಮ್ಮ ಸಾಲಿನ 4ನೇ ಜಾಗದಿಂದ ಒಳಗೆ ಬಂದು ಎಡಕ್ಕೆ ಸಾಗಿ, ಮೂಲೆಯ ಹೂವು ಮುಟ್ಟಿ, ಅಲ್ಲಿಂದ ನಡುಸಾಲಿಗೆ ಇಳಿದು ಬಲತುದಿಯವರೆಗೂ ಎಂಟು ಮನೆ ನಡೆದು, ಮತ್ತೆ ನಿಮ್ಮ ಕಡೆಗೆ ತಿರುಗಿ ಉಳಿದ ಎರಡು ಮನೆ ದಾಟಿದರೆ ಕಾಯಿ ಹಣ್ಣಾಯಿತು. ಒಟ್ಟು 14 ಮನೆ, ಹೊರಗೆ ಹೋಗುವುದು 15ನೇ ಹೆಜ್ಜೆ. ಹೊರಗೆ ಹೋಗಲು ಗರ ಸರಿಯಾಗಿ ಬೀಳಬೇಕು: 14ರಲ್ಲಿದ್ದರೆ ಒಂದು, 13ರಲ್ಲಿದ್ದರೆ ಎರಡು.

ಒಂದು ಗರಕ್ಕೆ ಒಂದೇ ಕಾಯಿ ನಡೆಸಬೇಕು. ಒಂದು ಮನೆಯಲ್ಲಿ ಒಂದೇ ಕಾಯಿ. ನಡುಸಾಲಿನಲ್ಲಿ ಎದುರಾಳಿ ಕೂತ ಮನೆಗೆ ನೀವು ಬಂದರೆ ಅವರ ಕಾಯಿ ಸತ್ತು ಹೊರಗೆ ಹೋಗುತ್ತದೆ, ಮೊದಲಿನಿಂದ ಬರಬೇಕು. ಹೂವಿನ ಮನೆಗೆ ಬಂದರೆ ಇನ್ನೊಂದು ಸಲ ಎಸೆಯಬಹುದು. ನಡುಸಾಲಿನ ಹೂವಿನಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ನಡೆಸಲು ದಾರಿ ಇದ್ದರೆ ನಡೆಸಲೇಬೇಕು, ಮನಸ್ಸಿಲ್ಲದಿದ್ದರೂ. ಏಳೂ ಕಾಯಿ ಮೊದಲು ಹಣ್ಣಾದವರು ಗೆದ್ದರು.

ಆಡುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮೂಲೆಯ ಹೂವು ದಾರಿಯಲ್ಲಿ 4ನೇ ಮನೆ. ಅಲ್ಲಿ ಕೂತ ಕಾಯಿ 5ರಿಂದ 8ರವರೆಗೆ ಎಲ್ಲಿ ಬೇಕಾದರೂ ಹಾರಬಹುದು. ನಡುಹೂವು 8ನೇ ಮನೆ. ಅಲ್ಲಿಂದ 9, 10, 11, 12 ಎಲ್ಲವೂ ಕೈಗೆಟಕುತ್ತದೆ, ಅಂದರೆ ನಡುಸಾಲಿನಲ್ಲಿ ಮುಂದೆ ಉಳಿದದ್ದಷ್ಟೂ. ಯಾರೂ ಮುಟ್ಟದ ಜಾಗ, ಬಂದದ್ದಕ್ಕೆ ಇನ್ನೊಂದು ಎಸೆತ, ಮೇಲೆ ಇಡೀ ಬೀದಿಯ ಮೇಲೆ ಕಾವಲು! ನಡುಹೂವಿಗೆ ಬಂದ ಕಾಯಿಯನ್ನು ಬೇಗ ಎಬ್ಬಿಸಬೇಡಿ, ಬೇರೆ ಕಾಯಿ ನಡೆಸಲು ಸಾಧ್ಯ ಇರುವಷ್ಟು ಹೊತ್ತು ಅಲ್ಲೇ ಕೂರಲಿ.

ಇನ್ನೊಂದು ಲೆಕ್ಕ. ಏಳು ಕಾಯಿ, ತಲಾ 15 ಹೆಜ್ಜೆ, ಒಟ್ಟು 105. ಒಂದು ಎಸೆತಕ್ಕೆ ಸರಾಸರಿ 2 ಹೆಜ್ಜೆ. ಅಂದರೆ ಒಂದು ಕಾಯಿಯೂ ಸಾಯದೆ, ಒಂದು ಗರವೂ ವ್ಯರ್ಥವಾಗದೆ ಹೋದರೂ ಒಬ್ಬರಿಗೆ ಐವತ್ತಕ್ಕಿಂತ ಜಾಸ್ತಿ ಎಸೆತ ಬೇಕು. 12ನೇ ಮನೆಯಲ್ಲಿ ಕಾಯಿ ಸತ್ತರೆ ಸುಮಾರು ಆರು ಎಸೆತ ನೀರಿಗೆ ಹೋಯಿತು, 5ನೇ ಮನೆಯಲ್ಲಿ ಸತ್ತರೆ ಎರಡೂವರೆ ಅಷ್ಟೇ. ಯಾವ ಕಾಯಿಯನ್ನು ಮೊದಲು ಉಳಿಸಿಕೊಳ್ಳಬೇಕು ಅಂತ ಇದರಿಂದಲೇ ಗೊತ್ತಾಗುತ್ತದಲ್ವಾ?

ಈಗ ನಿಯಮ ಕೆದಕೋಣ

ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಆಟ ಕೆಟ್ಟದ್ದು ಯಾವುದರಿಂದ, ಚೆನ್ನಾಗಾದದ್ದು ಯಾವುದರಿಂದ ಅಂತ ತಿಳಿಯುವುದಿಲ್ಲ. ಬದಲಿಸಿದ್ದನ್ನು ಆಡುವ ಮೊದಲೇ ರಟ್ಟಿನ ಹಿಂದೆ ಬರೆದಿಡಿ, ಇಲ್ಲದಿದ್ದರೆ ಸೋಲುವವರ ನೆನಪಿನ ಶಕ್ತಿ ದಿಢೀರನೆ ಜಾಸ್ತಿಯಾಗುತ್ತದೆ. ಶುರು ಮಾಡುವವರು ಪ್ರತಿ ಆಟಕ್ಕೂ ಬದಲಾಗಲಿ. ಎಷ್ಟು ಕಾಯಿ ಸತ್ತವು, ಅರ್ಧ ಆಟದಲ್ಲಿ ಮುಂದಿದ್ದವರೇ ಗೆದ್ದರಾ, ಇವೆರಡನ್ನು ಗೀಚಿಕೊಂಡರೆ ಸಾಕು. ಒಂದೆರಡು ಆಟ ನೋಡಿ ತೀರ್ಮಾನ ಮಾಡಬೇಡಿ, ನಾಣ್ಯ ಒಂದು ಸಂಜೆ ಪೂರ್ತಿ ಒಬ್ಬರ ಕಡೆಯೇ ಇರಬಹುದು.

ಮೊದಲ ಬದಲಾವಣೆಯಾಗಿ ನಡುಹೂವಿನ ರಕ್ಷಣೆ ತೆಗೆಯಿರಿ. ಇನ್ನೊಂದು ಎಸೆತ ಸಿಗಲಿ, ಆದರೆ ಅಲ್ಲಿ ಕೂತವರನ್ನೂ ಹೊಡೆಯಬಹುದು ಅಂತ ಮಾಡಿ. ಇಡೀ ಆಟದ ಸ್ವಭಾವವೇ ಬದಲಾಗುತ್ತದೆ. ಮೊದಲು ಕೋಟೆಯಾಗಿದ್ದ ಮನೆ ಈಗ ಒಂದು ನಿಲ್ದಾಣ, ಬಂದವರು ಬೇಗ ಹೊರಡಬೇಕು. ಸೋಲುತ್ತಿರುವವರಿಗೆ ಕೊನೆಯವರೆಗೂ ಆಸೆ ಇರುತ್ತದೆ. ನನಗಂತೂ ಇದೇ ಇಷ್ಟ, ಆದರೆ ಲೆಕ್ಕಾಚಾರದಿಂದ ಆಡುವವರಿಗೆ ಸಿಟ್ಟು ಬರುವುದು ಖಂಡಿತ.

ಎರಡನೆಯದು ದಾಳ. ಮೂರೇ ನಾಣ್ಯ ಎಸೆಯಿರಿ, ಒಂದೂ ಹೆಡ್ ಬೀಳದಿದ್ದರೆ ಅದನ್ನು 4 ಅಂತ ಎಣಿಸಿ. ಸರಾಸರಿ ಈಗಲೂ 2 ಹೆಜ್ಜೆಯೇ, 2 ಬೀಳುವ ಸಂಭವವೂ ಅಷ್ಟೇ. ಆದರೆ ಸೊನ್ನೆ ಮಾಯವಾಯಿತು, 4 ಬೀಳುವುದು ಎರಡರಷ್ಟಾಯಿತು, 1 ಜಾಸ್ತಿಯಾಯಿತು, 3 ಅರ್ಧಕ್ಕಿಳಿಯಿತು. ನಾಲ್ಕು ಮನೆ ಮುಂದೆ ನಿಂತು ನೆಮ್ಮದಿಯಾಗಿದ್ದವರಿಗೆ ಈಗ ನಿದ್ದೆ ಇಲ್ಲ. ಆಟದ ವೇಗ ಮುಟ್ಟದೆ ರುಚಿ ಮಾತ್ರ ಬದಲಿಸುವ ಉಪಾಯ ಇದು. ಆರು ಮುಖದ ಮಾಮೂಲಿ ದಾಳ ಹಾಕಿ ನೋಡಬೇಕು ಅನ್ನಿಸಿದರೆ ನೋಡಿ, ಆದರೆ ನನ್ನ ಪ್ರಕಾರ ಅದು ಆಟವನ್ನು ಸಪ್ಪೆ ಮಾಡುತ್ತದೆ. ಎಲ್ಲ ದೂರವೂ ಒಂದೇ ಸಮ ಅಪಾಯ ಆದ ಮೇಲೆ ಎಲ್ಲಿ ನಿಲ್ಲಬೇಕು ಅಂತ ಯೋಚಿಸುವ ಮಜವೇ ಹೋಯಿತು. ಹೂವಿನಿಂದ ಹೂವಿಗೆ ನಾಲ್ಕೇ ಹೆಜ್ಜೆ ಎಂಬ ಹೊಂದಾಣಿಕೆಯೂ ಮುರಿಯುತ್ತದೆ.

ಮೂರನೆಯದು ದಾರಿ. ನನಗೆ ಎಲ್ಲಕ್ಕಿಂತ ಕುತೂಹಲ ಇದರಲ್ಲೇ. ಮೂಲ ನಿಯಮದಲ್ಲಿ ಹೂವು ಬರುವುದು 4, 8, ಆಮೇಲೆ 14. ಈ 14 ಯಾಕೋ ಸಾಲಿಗೆ ಸೇರುವುದಿಲ್ಲ. ಹೀಗೆ ಮಾಡಿ: ನಡುಸಾಲಿನ 7ನೇ ಜಾಗಕ್ಕೆ ಬಂದಾಗಲೇ ನಿಮ್ಮ ಕಡೆಗೆ ತಿರುಗಿ, ಹೂವಿನ ಮನೆ, ಪಕ್ಕದ ಮೂಲೆ, ನಡುಸಾಲಿನ ತುದಿ, ಎದುರಾಳಿಯ ಮೂಲೆ, ಎದುರಾಳಿಯ ಹೂವು, ಅಲ್ಲಿಂದ ಹೊರಗೆ. ಈಗ ದಾರಿ 16 ಮನೆ, ಹೂವುಗಳು ಸರಿಯಾಗಿ 4, 8, 12, 16ರಲ್ಲಿ. ಆಮೇಲಿನ ಕಾಲದ ಹಲಗೆಗಳಲ್ಲಿ ಬಲಗಡೆಯ ಸಣ್ಣ ಕಟ್ಟನ್ನು ಬಿಚ್ಚಿ ಉದ್ದ ಬಾಲದಂತೆ ನೇರ ಮಾಡಿದ್ದಾರೆ, ಅಲ್ಲೂ ಹೂವುಗಳ ನಡುವೆ ಇದೇ ಅಂತರ. ಹಾಗಾಗಿ ಉರ್‌ನವರೂ ಹೀಗೇ ಆಡಿರಬಹುದು ಎಂಬ ವಾದಕ್ಕೆ ತೂಕ ಇದೆ.

ಆಡುವಾಗ ಇದರ ಬಿಸಿ ಗೊತ್ತಾಗುತ್ತದೆ. ಹಳೇ ದಾರಿಯಲ್ಲಿ ಏಟು ಬೀಳಬಹುದಾದ ಮನೆಗಳು ಏಳು ಮಾತ್ರ. ಈಗ ನಡುಸಾಲಿಗೆ ಇಳಿದ ಮೇಲೆ ನಿಮ್ಮದೇ ಅನ್ನುವ ಮನೆ ಒಂದೂ ಇಲ್ಲ. ಹೂವುಗಳಲ್ಲಿ ರಕ್ಷಣೆ ಇದ್ದರೆ ಅಪಾಯದ ಮನೆಗಳು ಒಂಬತ್ತು, ರಕ್ಷಣೆ ತೆಗೆದರೆ ಹನ್ನೆರಡು. ಸಣ್ಣ ಕಟ್ಟಿನಲ್ಲಿ ಇಬ್ಬರೂ ಎದುರುಬದುರಾಗಿ ಬರುತ್ತೀರಿ, ನಿಮ್ಮ 12ನೇ ಮನೆ ಅವರಿಗೆ 16ನೇದು. ರಕ್ಷಣೆ ಇರುವ ಆಟದಲ್ಲಿ ನೀವು 12ರಲ್ಲಿ ಗಟ್ಟಿಯಾಗಿ ಕೂತರೆ ಅವರು ಆ ಹೂವಿಗೆ ಬರುವ ಹಾಗೇ ಇಲ್ಲ. ಅವರು 15ರಿಂದ 2 ಬಿದ್ದರೆ ಮಾತ್ರ ಹೊರಗೆ ಹೋಗಬಹುದು, 1 ಬಿದ್ದರೆ ಆ ಕಾಯಿಗೆ ದಾರಿಯಿಲ್ಲ.

ಸಣ್ಣಪುಟ್ಟ ಬದಲಾವಣೆ ಇನ್ನೂ ಇವೆ. ಹೊರಗೆ ಹೋಗಲು ಸರಿಯಾದ ಗರವೇ ಬೇಕು ಎಂಬುದನ್ನು ತೆಗೆದರೆ ಆಟ ಬೇಗ ಮುಗಿಯುತ್ತದೆ, ಕೊನೆಯ ತಳಮಳವೂ ಮುಗಿಯುತ್ತದೆ. ಬೇಡವಾದರೆ ಗರ ಬಿಟ್ಟುಕೊಡಬಹುದು ಅಂತ ಮಾಡಬೇಡಿ. ಒಳ್ಳೆಯ ಜಾಗದಿಂದ ಕಾಯಿಯನ್ನು ಎಬ್ಬಿಸಲೇಬೇಕಾದ ಸಂಕಟ ಈ ಆಟದ ಉಪ್ಪು.

ಬ್ಯಾಬಿಲೋನಿನ ಫಲಕದಿಂದಲೂ ಒಂದು ಕಿಡಿ ತೆಗೆದುಕೊಳ್ಳಬಹುದು. ಅದರಲ್ಲಿ ತಲಾ ಏಳರ ಬದಲು ಐದೇ ಕಾಯಿ, ಐದಕ್ಕೂ ಹಕ್ಕಿಯ ಹೆಸರು: ಹದ್ದು, ಹುಂಜ, ಕಾಗೆ ಜಾತಿಯದೊಂದು, ಬಿರುಗಾಳಿ ಹಕ್ಕಿ, ಸ್ವಾಲೋ ಎಂಬ ಪುಟ್ಟ ಹಕ್ಕಿ. ಒಂದೊಂದು ಹಕ್ಕಿ ಒಳಗೆ ಬರಲು ಅದಕ್ಕೇ ಅಂತ ಒಂದು ಗರ ಬೀಳಬೇಕು. ನಮ್ಮ ನಾಣ್ಯಕ್ಕೆ ಒಗ್ಗಿಸಿ ಹೇಳುವುದಾದರೆ ಒಂದು ಕಾಯಿಯ ಮೇಲೆ 4, ಒಂದರ ಮೇಲೆ 3, ಒಂದರ ಮೇಲೆ 1, ಎರಡರ ಮೇಲೆ 2 ಬರೆಯಿರಿ, ಆ ಗರ ಬಿದ್ದರೆ ಮಾತ್ರ ಆ ಕಾಯಿಗೆ ಪ್ರವೇಶ. 4ರ ಕಾಯಿ ಬರುವುದು ಅಪರೂಪ, ಆದರೆ ಬಂದರೆ ನೇರ ಹೂವಿನ ಮೇಲೆ. ಅದು ಸತ್ತರೆ ಮತ್ತೆ ಕರೆತರುವುದಕ್ಕೆ ಎಷ್ಟು ಹೊತ್ತೋ, ಹಾಗಾಗಿ ಅದನ್ನು ನೋಡಿಕೊಳ್ಳುವ ರೀತಿಯೇ ಬೇರೆಯಾಗುತ್ತದೆ.

ಈ ಆಟ ಪೂರ್ತಿ ಸತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಇದರ ಜಾತಿಯ ಇಪ್ಪತ್ತು ಮನೆ ಆಟವೊಂದನ್ನು ಕೊಚ್ಚಿಯ ಯಹೂದಿಗಳು 1950ರ ದಶಕದಲ್ಲಿ ಇಸ್ರೇಲಿಗೆ ಹೊರಡುವವರೆಗೂ ಆಡುತ್ತಿದ್ದರು.

ಒಂದೊಂದನ್ನೇ ಬೇರೆ ಬೇರೆ ಆಡಿ ನೋಡಿದ ಮೇಲೆ ಕೂಡಿಸಲು ಅಡ್ಡಿಯಿಲ್ಲ. ನನ್ನ ಆಯ್ಕೆ ಹೇಳಿಬಿಡುತ್ತೇನೆ: 16 ಮನೆಯ ದಾರಿ, ನಾಲ್ಕು ನಾಣ್ಯ, ತಲಾ ಐದು ಕಾಯಿ, ನಡುಹೂವಿನಲ್ಲಿ ರಕ್ಷಣೆ ಇಲ್ಲ, 12 ಮತ್ತು 16ರಲ್ಲಿ ಇದೆ. ಒಬ್ಬರಿಗೆ 85 ಹೆಜ್ಜೆ. ಏಳು ಕಾಯಿಯ ಮೂಲ ಆಟಕ್ಕಿಂತ 20 ಹೆಜ್ಜೆ ಕಡಿಮೆ, ಹೊಡೆದಾಟ ಮಾತ್ರ ಜಾಸ್ತಿ. ಒಬ್ಬರೇ ಇದ್ದರೂ ಎರಡೂ ಕಡೆ ನೀವೇ ಆಡಿ ಪರೀಕ್ಷಿಸಬಹುದು, ಗರ ಬೀಳುವವರೆಗೂ ಎದುರಾಳಿಗೆ ಏನು ಬರುತ್ತದೆ ಅಂತ ನಿಮಗೂ ಗೊತ್ತಿರುವುದಿಲ್ಲವಲ್ಲ.